ಕಿವಿ ಮಷಿನ್ ಬಂತು, ಮುಂದೇನು?

ರಾಯಚೂರು ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ನಾನು ಬಿಐಇಆರ್‌ಟಿ. ಸರ್ಕಾರಿ ಶಾಲೆಗಳಲ್ಲಿರುವ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ, ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಿಂದ ಊರೂರು ತಿರುಗುವ ಸಂಪನ್ಮೂಲ ಶಿಕ್ಷಕಿ. ಇಡೀ ತಾಲ್ಲೂಕಿಗೆ ನಾವು ಬೆರಳೆಣಿಕೆಯ ಮಂದಿ. ಒಂದು ಶಾಲೆಗೆ ಹೋಗಿ ಬಂದರೆ ಮತ್ತೆ ಅದರ ಸರದಿ ಬರುವಷ್ಟರಲ್ಲಿ ತಿಂಗಳು ಉರುಳಿರುತ್ತದೆ. ಹೀಗಾಗಿ ನಾನು ಇಲ್ಲದ ದಿನಗಳಲ್ಲಿ ಆ ಶಾಲೆಯಲ್ಲಿ ಏನು ನಡೆಯುತ್ತದೆ ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ. ಕಿವಿ ಕೇಳಿಸದ ಮಕ್ಕಳ ವಿಷಯದಲ್ಲಂತೂ ಈ ಮಾತು ನೂರಕ್ಕೆ ನೂರು ನಿಜ.

ಶ್ರವಣ ಸಾಧನ ಎಂದು ಕಡತದಲ್ಲಿ ಬರೆಯುವುದನ್ನು ಊರಿನಲ್ಲಿ ಎಲ್ಲರೂ ಕಿವಿ ಮಷಿನ್ ಎನ್ನುತ್ತಾರೆ. ತಪಾಸಣಾ ಶಿಬಿರ, ಆಮೇಲೆ ಕಾನ್ಪುರದ ಅಲಿಮ್ಕೊ ಸಂಸ್ಥೆಯ ಸಾಧನಗಳ ವಿತರಣೆ, ವೇದಿಕೆ, ಫೋಟೊ. ಅಲ್ಲಿಯವರೆಗೆ ಎಲ್ಲರ ಗಮನವೂ ಇರುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಮಾನದಂಡದಷ್ಟು, ಅಂದರೆ ಶೇ 40 ಅಥವಾ ಅದಕ್ಕಿಂತ ಹೆಚ್ಚು, ನ್ಯೂನತೆ ಇರುವ ವಿದ್ಯಾರ್ಥಿಗೆ 18 ವರ್ಷದವರೆಗೆ ಇಂಥ ಸಾಧನ ಉಚಿತವಾಗಿ ಸಿಗಬೇಕು ಎನ್ನುತ್ತದೆ. ಸಿಗುತ್ತದೆ ಕೂಡ. ಆದರೆ ಸಿಕ್ಕ ಮಷಿನ್ ಮಗುವಿನ ಕಿವಿಯಲ್ಲಿ ಎಷ್ಟು ದಿನ ಇರುತ್ತದೆ ಎಂದು ಕೇಳುವ ಕಾಲಂ ಯಾವ ನಮೂನೆಯಲ್ಲೂ ಇಲ್ಲ.

ಒಂದು ಮನೆಯಲ್ಲಿ ಅಜ್ಜಿ ಟ್ರಂಕಿನ ಬೀಗ ತೆಗೆದು, ಸೀರೆಗಳ ಅಡಿಯಿಂದ ಮಷಿನ್ ಡಬ್ಬಿಯನ್ನು ತೆಗೆದು ತೋರಿಸಿದರು. ಪ್ಲಾಸ್ಟಿಕ್ ಹೊದಿಕೆಯೂ ಹರಿದಿರಲಿಲ್ಲ. ‘ಸರ್ಕಾರದ ವಸ್ತು ಮೇಡಂ, ಕಳೆದರೆ ಯಾರು ಉತ್ತರ ಕೊಡಬೇಕು? ಇವನ ಅಪ್ಪ ಅಮ್ಮ ಬೆಂಗಳೂರಿಗೆ ಗುಳೆ ಹೋಗಿದ್ದಾರೆ’ ಎಂದರು. ಅಜ್ಜಿಯ ಲೆಕ್ಕ ಸರಿಯಾಗಿಯೇ ಇದೆ. ಕಳೆದರೆ ಬೈಗುಳ ಬೀಳಬಹುದು, ಹಾಕದಿದ್ದರೆ ಯಾರೂ ಕೇಳುವುದಿಲ್ಲ. ಅಂದಿನಿಂದ ವಿತರಣೆಯ ದಿನವೇ ಮನೆಯವರಿಗೆ ಬಾಯಿಬಿಟ್ಟು ಹೇಳುತ್ತೇನೆ: ಇದು ಮಗುವಿನದು, ಹಾಳಾದರೂ ಪರವಾಗಿಲ್ಲ, ಪೆಟ್ಟಿಗೆಯಲ್ಲಿ ಮಾತ್ರ ಇಡಬೇಡಿ.

ಕಿವಿಗೆ ಹಾಕಿದ ಮೇಲೂ ತಾಪತ್ರಯ ಮುಗಿಯುವುದಿಲ್ಲ. ಕಿವಿಯ ಹಿಂದೆ ಕೂರುವ ಮಷಿನ್‌ಗೆ ಗುಂಡಿಯಂಥ ಸೆಲ್ ಬೇಕು. ಅದರ ಮೇಲೆ ಸಣ್ಣ ಸ್ಟಿಕ್ಕರ್ ಇರುತ್ತದೆ. ಸ್ಟಿಕ್ಕರ್ ಕಿತ್ತು, ಒಂದು ನಿಮಿಷ ಗಾಳಿಗೆ ಬಿಟ್ಟು ಹಾಕಬೇಕು. ಒಮ್ಮೆ ಕಿತ್ತರೆ ಬಳಸಿದರೂ ಬಿಟ್ಟರೂ ಅದು ಸವೆಯುತ್ತಲೇ ಹೋಗುತ್ತದೆ. ಹಳ್ಳಿಯ ಕಿರಾಣಿಯಲ್ಲಿ ಸಿಗುವುದಿಲ್ಲ. ಗಡಿಯಾರದ ಅಂಗಡಿಯವರು ನೋಡಲು ಅದೇ ಥರದ ಸೆಲ್ ಹಾಕಿಕೊಡುತ್ತಾರೆ. ಅದಕ್ಕೆ ಗಾಳಿ ಒಳಹೋಗುವ ತೂತು ಇರುವುದಿಲ್ಲ, ಅದು ಈ ಕೆಲಸಕ್ಕೆ ಮಾಡಿದ್ದೂ ಅಲ್ಲ. ಇನ್ನು ಕಿವಿಯೊಳಗೆ ಕೂರುವ ಅಚ್ಚು. ಮಗು ಬೆಳೆದಂತೆ ಅದು ಸಡಿಲವಾಗುತ್ತದೆ, ಸದ್ದು ಹೊರಗೆ ಸೋರಿ ಮಷಿನ್ ಕುಂಯ್ ಎನ್ನುತ್ತದೆ, ತರಗತಿ ಗೊಳ್ಳೆಂದು ನಗುತ್ತದೆ, ಮಗು ಕಿತ್ತು ಚೀಲಕ್ಕೆ ಹಾಕಿಕೊಳ್ಳುತ್ತದೆ. ಕಿವಿ ಸೋರುತ್ತಿದ್ದರೆ ಮಷಿನ್ ಹಾಕುವಂತಿಲ್ಲ, ಮೊದಲು ವೈದ್ಯರಿಗೆ ತೋರಿಸಬೇಕು. ಬಿಸಿ ಎಣ್ಣೆ ಬಿಡುವ ಮನೆಮದ್ದು ನಮ್ಮ ಕಡೆ ಇನ್ನೂ ಹೋಗಿಲ್ಲ!

ಇದ್ಯಾವುದೂ ತಿಂಗಳಿಗೊಮ್ಮೆ ಬರುವ ನನ್ನ ಕಣ್ಣಿಗೆ ಬೀಳುವುದಿಲ್ಲ. ಬೀಳುವುದು ತರಗತಿ ಶಿಕ್ಷಕರ ಕಣ್ಣಿಗೆ. ಆದ್ದರಿಂದ ಮಗುವಿಗೆ ಪಾಠ ಮಾಡುವುದಕ್ಕಿಂತ ಅವರಿಗೆ ಒಂದು ಸಣ್ಣ ಪರೀಕ್ಷೆಯನ್ನು ಕಲಿಸುವುದಕ್ಕೇ ಈಗ ನಾನು ಹೆಚ್ಚು ಸಮಯ ಕೊಡುತ್ತೇನೆ. ಡೇನಿಯಲ್ ಲಿಂಗ್ ಎಂಬುವರು ರೂಪಿಸಿದ ಆರು ಧ್ವನಿಗಳ ಪರೀಕ್ಷೆ ಅದು. ಮ್, ಊ, ಆ, ಈ, ಶ್, ಸ್. ಮಾತಿನ ತಗ್ಗು ಸ್ವರದಿಂದ ಏರು ಸ್ವರದವರೆಗೆ ಈ ಆರರಲ್ಲೇ ಬಂದುಹೋಗುತ್ತದೆ. ಬೆಳಿಗ್ಗೆ ಹಾಜರಿ ಕರೆಯುವಾಗ ತುಟಿ ಕಾಣದಂತೆ ಮಗುವಿನ ಹಿಂದೆ ನಿಂತು, ಮಾಮೂಲಿ ದನಿಯಲ್ಲಿ ಒಂದೊಂದೇ ಹೇಳಬೇಕು. ಮಗು ಅದನ್ನು ಮರಳಿ ಹೇಳಬೇಕು, ಇಲ್ಲವೇ ಕೈ ಎತ್ತಬೇಕು. ಕೆಲವು ಶಿಕ್ಷಕರು ಎದುರು ನಿಂತು ಹಾಜರಿ ಪುಸ್ತಕವನ್ನು ಬಾಯಿಗೆ ಅಡ್ಡ ಹಿಡಿಯುತ್ತಾರೆ. ಬೇಡ, ಶ್ ಮತ್ತು ಸ್ ಆ ರಟ್ಟಿಗೇ ತಡೆದು ನಿಲ್ಲುತ್ತವೆ. ನೀವು ಈ ಎಂದದ್ದಕ್ಕೆ ಮಗು ಊ ಎಂದರೆ ಏರು ಸ್ವರ ತಲುಪುತ್ತಿಲ್ಲ ಎಂದು ಅರ್ಥ. ಯಾವುದೂ ಕೇಳದಿದ್ದರೆ ಮೊದಲು ಸೆಲ್ ನೋಡಿ, ಆಮೇಲೆ ಅಚ್ಚಿನಲ್ಲಿ ಗುಗ್ಗೆ ತುಂಬಿದೆಯೇ ನೋಡಿ. ತೀವ್ರ ದೋಷವಿರುವ ಮಗುವಿಗೆ ಆರೂ ಕೇಳಲೇಬೇಕೆಂದಿಲ್ಲ. ನಿನ್ನೆ ಕೇಳಿದ್ದು ಇಂದೂ ಕೇಳಿತೇ ಎಂಬುದಷ್ಟೇ ಪ್ರಶ್ನೆ. ಎರಡು ನಿಮಿಷ ಸಾಕು.

‘ನಲಿಕಲಿಯಲ್ಲಿ ಮೂರು ತರಗತಿ ಒಟ್ಟಿಗೆ ಇವೆ, ಇದನ್ನೆಲ್ಲ ಯಾವಾಗ ಮಾಡಲಿ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ನಲಿಕಲಿ ಕೋಣೆಯ ಗುಂಪು ಚಟುವಟಿಕೆ ಉಳಿದ ಮಕ್ಕಳಿಗೆ ಚೆಂದ, ಈ ಮಗುವಿಗೆ ಸಂತೆ. ಮಷಿನ್ ಶಿಕ್ಷಕರ ಮಾತನ್ನು ಮಾತ್ರ ಆಯ್ದು ದೊಡ್ಡದು ಮಾಡುವುದಿಲ್ಲ, ಫ್ಯಾನು, ಬೆಂಚು ಎಳೆಯುವ ಸದ್ದು ಎಲ್ಲವನ್ನೂ ಸೇರಿಸಿಯೇ ಕಿವಿಗೆ ಸುರಿಯುತ್ತದೆ. ಅದಕ್ಕೇ ಹತ್ತಿರ ಕೂರಿಸಿ, ಬೋರ್ಡಿನ ಕಡೆ ಮುಖ ಮಾಡಿ ಮಾತನಾಡಬೇಡಿ ಎನ್ನುತ್ತೇನೆ. ಕಿಟಕಿಗೆ ಬೆನ್ನು ಹಾಕಿ ನಿಂತರೂ ತೊಂದರೆಯೇ, ಮುಖ ಕಪ್ಪಾಗಿ ತುಟಿ ಕಾಣುವುದಿಲ್ಲ.

ಇಷ್ಟೂ ಸೂಚನೆ ಮಷಿನ್ ಸಿಗದ ಇನ್ನೊಂದು ಗುಂಪಿಗೂ ಬೇಕು. ಕಾಯ್ದೆಯ ಪ್ರಕಾರ ಎರಡೂ ಕಿವಿಗಳಲ್ಲಿ 60 ಡೆಸಿಬೆಲ್‌ನಿಂದ ಶ್ರವಣ ನಷ್ಟದ ಲೆಕ್ಕ ಶುರು, 70 ದಾಟಿದರೆ ಕಿವುಡು. 50 ಡೆಸಿಬೆಲ್ ನಷ್ಟವಿರುವ ಮಗು ಈ ಲೆಕ್ಕಕ್ಕೇ ಬರುವುದಿಲ್ಲ. ಎದುರು ಕುಳಿತವರ ಮಾತು ಸುಮಾರು 60 ಡೆಸಿಬೆಲ್ ಇರುತ್ತದೆ, ಅಂದರೆ ಆ ಮಗುವಿಗೆ ಇಡೀ ಪಾಠ ಪಿಸುಮಾತಿನಷ್ಟೇ. ‘ಇವನು ದಡ್ಡ, ಗಮನ ಇಲ್ಲ’ ಎಂದು ನನಗೆ ತೋರಿಸುವ ಮಕ್ಕಳಲ್ಲಿ ಇಂಥವರೂ ಇರುತ್ತಾರೆ. ಪ್ರಮಾಣಪತ್ರ ಇಲ್ಲದಿದ್ದರೂ ಮುಂದಿನ ಸಾಲಿನಲ್ಲಿ ಕೂರಿಸಲು ಯಾರ ಆದೇಶವೂ ಬೇಕಿಲ್ಲ.

ಶಾಲೆ ಶುರುವಾದ ಕೂಡಲೇ ಮುಖ್ಯಗುರುಗಳ ಬಳಿ ನಾನು ಕೇಳುವುದು ಮೂರು: ಸೆಲ್ ಪೊಟ್ಟಣ ಮಗುವಿನ ಮನೆಯಲ್ಲಲ್ಲ, ಶಾಲೆಯ ಬೀರುವಿನಲ್ಲಿರಲಿ. ಬೆಳಗಿನ ಪರೀಕ್ಷೆ ಯಾರು ಮಾಡುತ್ತಾರೆ ಎಂಬ ಹೆಸರು ಬೇಕು. ಜೊತೆಗೆ ಎರಡನೆಯ ಹೆಸರೂ ಬೇಕು, ಏಕೆಂದರೆ ಮೊದಲನೆಯವರು ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಯಾವಾಗ ಹೊರಡುತ್ತಾರೋ ಹೇಳಲಾಗದು.