ವಾಕ್ಸಾಲ್‌ನಿಂದ ಬಸವಣ್ಣನ ಪ್ರತಿಮೆಗೆ

ಶನಿವಾರ, 12 ಜುಲೈ 2025

ಈ ವಾರದ ಇಂಗ್ಲಿಷ್ ಅಭ್ಯಾಸಕ್ಕೆ ಲಂಡನ್. ಊರು ದೊಡ್ಡದು, ಅದಕ್ಕೇ ಪಾಠ ಚಿಕ್ಕದು: ವಾಕ್ಸಾಲ್ ಸ್ಟೇಷನ್ನಿನಿಂದ ನದಿ ದಂಡೆಯ ಬಸವಣ್ಣನ ಪ್ರತಿಮೆವರೆಗೆ, ಅಷ್ಟೇ. ಅರಮನೆ, ಗಡಿಯಾರ, ಮ್ಯೂಸಿಯಂ ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿದರೆ ಕಲಿಯುವವರ ಹತ್ತಿರ ಹೆಸರುಗಳ ಪಟ್ಟಿ ಉಳಿಯುತ್ತದೆ, ಬಾಯಿಗೆ ಒಂದು ವಾಕ್ಯವೂ ಹತ್ತುವುದಿಲ್ಲ. ಪ್ರಧಾನಿ ನರೇಂದ್ರ ಮೋದಿ 2015ರ ನವೆಂಬರ್‌ನಲ್ಲಿ ಅನಾವರಣ ಮಾಡಿದ ಈ ಪ್ರತಿಮೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿದೆ. ಕನ್ನಡದವರು ಲಂಡನ್ನಿಗೆ ಹೋದರೆ ಹುಡುಕಿಕೊಂಡು ಹೋಗುವ ಜಾಗ, ಹಾಗಾಗಿ ದಾರಿ ಕೇಳುವುದಕ್ಕೆ ಸುಳ್ಳು ನೆಪ ಬೇಕಿಲ್ಲ.

ಮೊದಲ ಹತ್ತು ನಿಮಿಷ ಬರೀ ಹೆಸರುಗಳು. ಅಕ್ಷರ ನೋಡಿ ಓದಿದರೆ ಅರ್ಧ ಲಂಡನ್ ಕೈತಪ್ಪುತ್ತದೆ. ಗ್ರೀನ್‌ವಿಚ್ ಎಂದು ಕಾಣುವುದು ಗ್ರೆನಿಚ್, ಸೌತ್‌ವಾರ್ಕ್ ಎಂದು ಕಾಣುವುದು ಸದರ್ಕ್, ಲೀಸೆಸ್ಟರ್ ಬರೀ ಲೆಸ್ಟರ್. ನಾವು ಥೇಮ್ಸ್ ಎಂದು ಬರೆದು ರೂಢಿಯಾದ ನದಿ ಅಲ್ಲಿಯವರ ಬಾಯಲ್ಲಿ ಟೆಮ್ಸ್. ಎಂಬ್ಯಾಂಕ್‌ಮೆಂಟ್‌ನಲ್ಲಿ ಒತ್ತು "ಬ್ಯಾಂಕ್" ಮೇಲೆ ಬೀಳಬೇಕು. ಮೊದಲಕ್ಷರಕ್ಕೆ "ಯ" ಸೇರಿಸಿ "ಯೆಂಬ್ಯಾಂಕ್‌ಮೆಂಟ್" ಅನ್ನುವುದು, ಕೊನೆಗೆ ಉಕಾರ ಹಚ್ಚಿ "ಬ್ರಿಜ್ಜು" ಅನ್ನುವುದು ನಮ್ಮ ನಾಲಗೆಯ ಹಳೇ ಚಾಳಿ. ಮೊದಲನೆಯದಕ್ಕೆ ಮದ್ದು ಸುಲಭ: ಬಾಯಿ ಆಗಲೇ ತೆರೆದಿಟ್ಟುಕೊಂಡು "ಎ" ಶುರು ಮಾಡುವುದು.

ಇಲ್ಲೊಂದು ಹಳ್ಳವಿದೆ. "ಎಂಬ್ಯಾಂಕ್‌ಮೆಂಟ್ ಎಲ್ಲಿ?" ಎಂದಷ್ಟೇ ಕೇಳಿದರೆ ಜನ ಆ ಹೆಸರಿನ ಟ್ಯೂಬ್ (ಲಂಡನ್ನಿನ ಮೆಟ್ರೋ ರೈಲು) ಸ್ಟೇಷನ್ನಿಗೆ ಕಳಿಸುತ್ತಾರೆ. ಅದು ನದಿಯ ಉತ್ತರ ದಂಡೆ, ಪ್ರತಿಮೆ ಇರುವುದು ಆಚೆ ದಂಡೆಯಲ್ಲಿ. "ಆಲ್ಬರ್ಟ್" ಬಿಡುವಂತಿಲ್ಲ.

ಹೆಚ್ಚು ಹೊತ್ತು ಹಿಡಿದದ್ದು ಮರ್ಯಾದೆ. ಕನ್ನಡದಲ್ಲಿ ಅದು ಕ್ರಿಯಾಪದದ ಬಾಲದಲ್ಲೇ ಇರುತ್ತದೆ. ಹೇಳು, ಹೇಳಿ, ಹೇಳ್ತೀರಾ, ಒಂದೊಂದಕ್ಕೂ ಬೇರೆ ತೂಕ. ಇಂಗ್ಲಿಷಿನ "ಟೆಲ್"ಗೆ ಬಾಲವೇ ಇಲ್ಲ. "ಟೆಲ್ ಮಿ ದ ವೇ" ಅಂದರೆ ನಮ್ಮ "ಹೇಳಿ" ಕೇಳುವವರ ಕಿವಿಗೆ "ಹೇಳು" ಆಗಿ ಬೀಳುತ್ತದೆ. ಹಿಂದೆ "ಪ್ಲೀಸ್" ಅಂಟಿಸಿದರೂ ಅಪ್ಪಣೆಯ ವಾಸನೆ ಪೂರ್ತಿ ಹೋಗುವುದಿಲ್ಲ. ಮರ್ಯಾದೆಯನ್ನು ಬಾಲದಿಂದ ಕಿತ್ತು ವಾಕ್ಯದ ತಲೆಗೆ ಇಡಬೇಕು: "ಎಕ್ಸ್‌ಕ್ಯೂಸ್ ಮಿ, ಕುಡ್ ಯು ಟೆಲ್ ಮಿ ವೇರ್ ದ ಸ್ಟ್ಯಾಚ್ಯೂ ಈಸ್?"

ಆ "ಈಸ್" ಕೊನೆಗೇ ಬರಬೇಕು. ಶಾಲೆಯಲ್ಲಿ "ವೇರ್ ಈಸ್" ಎಂದು ಉರು ಹೊಡೆದವರಿಗೆ ಇದು ತಪ್ಪೆಂದೇ ತೋರುತ್ತದೆ. "ಕುಡ್ ಯು" ಎಂದಾಗಲೇ ಪ್ರಶ್ನೆ ಮುಗಿದಿದೆ, ಒಳಗಿನ ತುಂಡನ್ನು ಮತ್ತೆ ತಿರುಗಿಸುವ ಅಗತ್ಯವಿಲ್ಲ. ವಿವರಣೆಗಿಂತ ಚೀಟಿ ವಾಸಿ: ಪ್ರತಿ ಪದಕ್ಕೂ ಒಂದು ಚೀಟಿ, ಮೇಜಿನ ಮೇಲೆ ಸಾಲಾಗಿ ಜೋಡಿಸಿ "ಈಸ್" ಚೀಟಿಯನ್ನು ಕೈಯಿಂದಲೇ ಕೊನೆಗೆ ಎಳೆಯುವುದು. ಐದಾರು ಸಲ ಎಳೆದ ಮೇಲೆ ಬಾಯಿ ಕೈಯನ್ನು ಹಿಂಬಾಲಿಸುತ್ತದೆ. ಉತ್ತರ ಕೇಳಿಸದಿದ್ದಾಗ "ವಾಟ್?" ಬೇಡ, "ಸಾರಿ?" ಎಂದು ದನಿ ಏರಿಸಿದರೆ ಸಾಕು.

"ಅಲ್ಲಿ" ಎಂಬ ಒಂದು ಪ್ರತ್ಯಯದಿಂದ ನಮ್ಮ ಸಂಸಾರವೆಲ್ಲ ನಡೆಯುತ್ತದೆ: ಬಸ್ಸಿನಲ್ಲಿ, ಕಾರಿನಲ್ಲಿ, ಸ್ಟೇಷನ್ನಿನಲ್ಲಿ. ಇಂಗ್ಲಿಷಿಗೆ ಮೂರು ಬೇಕು. ಎದ್ದು ನಿಂತು ಓಡಾಡಬಹುದಾದ ವಾಹನಕ್ಕೆ "ಆನ್": ಆನ್ ದ ಬಸ್, ಆನ್ ದ ಟ್ಯೂಬ್. ಕೂತೇ ಹೋಗಬೇಕಾದ ಕಾರು, ಟ್ಯಾಕ್ಸಿಗೆ "ಇನ್". ದಾರಿಯ ಮೇಲಿನ ಗುರುತಾಗಿ ಹೇಳುವ ಜಾಗಕ್ಕೆ "ಆಟ್": ಆಟ್ ವಾಕ್ಸಾಲ್ ಸ್ಟೇಷನ್. "ದ" ವಿಷಯಕ್ಕೂ ಇವತ್ತಿನ ಮಟ್ಟಿಗೆ ಇಷ್ಟೇ ಹೇಳಿದ್ದು: ನದಿಗೆ, ಮ್ಯೂಸಿಯಂಗೆ "ದ" ಬೇಕು, ಸ್ಟೇಷನ್ನಿನ ಹೆಸರಿಗೆ ಬೇಡ. ಲ್ಯಾಂಬೆತ್ ಬ್ರಿಜ್‌ನಂಥ ಸೇತುವೆಗಳಿಗೂ ಬೇಡ. ಇನ್ನು ಬಸ್ಸಿನಿಂದ "ಗೆಟ್ ಡೌನ್" ಆಗುವುದು ನಮ್ಮ "ಇಳಿ"ಯ ನೆರಳು. ಲಂಡನ್ನಿನಲ್ಲಿ "ಗೆಟ್ ಆಫ್". ಘೋಷಣೆಯಲ್ಲಿ ಮಾತ್ರ "ಅಲೈಟ್ ಹಿಯರ್" ಎಂದು ಕೇಳಿಸುತ್ತದೆ, ಅದು ಕಿವಿಗೆ ಮಾತ್ರ ಬೇಕಾದ ಪದ, ಬಾಯಿಗಲ್ಲ.

ಜೋಡಿ ಅಭ್ಯಾಸಕ್ಕೆ ಎರಡು ನಕ್ಷೆ. ಒಂದರಲ್ಲಿ ಪ್ರತಿಮೆ ಇಲ್ಲ, ಇನ್ನೊಂದರಲ್ಲಿ ಸ್ಟೇಷನ್ ಇಲ್ಲ. ಬೆನ್ನಿಗೆ ಬೆನ್ನು ಹಾಕಿ ಕೂರಿಸುವುದು ಕಡ್ಡಾಯ, ಎದುರುಬದುರು ಕೂತರೆ ಬೆರಳೇ ದಾರಿ ತೋರಿಸಿಬಿಡುತ್ತದೆ. ವಾಕ್ಸಾಲ್‌ನಿಂದ ಲ್ಯಾಂಬೆತ್ ಕಡೆ ನಡೆಯುವಾಗ ನದಿ ಎಡಕ್ಕಿರುತ್ತದೆ: "ಕೀಪ್ ದ ರಿವರ್ ಆನ್ ಯುವರ್ ಲೆಫ್ಟ್." "ಲೆಫ್ಟ್ ಸೈಡ್" ಎಂದಷ್ಟೇ ಹೇಳಿದರೆ ಯಾರ ಎಡ ಎಂಬುದು ಉಳಿದುಬಿಡುತ್ತದೆ. ಎರಡನೆಯ ವಾಕ್ಯ ಬಹಳ ಉಪಯೋಗಿ: "ಇಫ್ ಯು ರೀಚ್ ವೆಸ್ಟ್‌ಮಿನ್‌ಸ್ಟರ್ ಬ್ರಿಜ್, ಯು ಹ್ಯಾವ್ ಗಾನ್ ಟೂ ಫಾರ್." ದಾರಿ ತಪ್ಪಿದ್ದು ಗೊತ್ತಾಗುವ ಗುರುತನ್ನು ಒಳ್ಳೆಯ ದಾರಿಹೋಕರು ಯಾವಾಗಲೂ ಹೇಳುತ್ತಾರೆ. ಮೂರಂಕಿಯ ಬಸ್ ನಂಬರನ್ನು ಬಿಡಿಬಿಡಿಯಾಗಿ ಓದುವುದು ರೂಢಿ, 159 ಅಂದರೆ "ಒನ್ ಫೈವ್ ನೈನ್". ಬಸ್ಸಿನಲ್ಲಿ 2014ರಿಂದ ನಗದು ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಟಿಕೆಟ್ ಕೊಳ್ಳುವ ಸಂಭಾಷಣೆಯನ್ನು ಪಾಠದಿಂದ ತೆಗೆದುಹಾಕಿದ್ದಾಯಿತು. ಹಳೇ ಪುಸ್ತಕಗಳಲ್ಲಿ ಇನ್ನೂ ಚಿಲ್ಲರೆ ಎಣಿಸುತ್ತಲೇ ಇದ್ದಾರೆ!

ಮಾತಿನ ನಡುವೆ ಬಾಯಿ ಹಾಕಿ ತಿದ್ದಬಾರದು. ದೊಡ್ಡವರು ಒಮ್ಮೆ ಮುದುಡಿದರೆ ಆ ದಿನ ಮತ್ತೆ ಬಾಯಿ ಬಿಡುವುದಿಲ್ಲ. ತಪ್ಪುಗಳನ್ನು ಚೀಟಿಯಲ್ಲಿ ಗುರುತಿಸಿಕೊಂಡು ಕೊನೆಗೆ ಒಬ್ಬೊಬ್ಬರಿಗೆ ಮೂರೇ ಮೂರು ಕೊಡುವುದು. ನಾಲ್ಕನೆಯದು ಮುಂದಿನ ವಾರಕ್ಕೆ.

ಕೊನೆಯ ಹದಿನೈದು ನಿಮಿಷಕ್ಕೆ ಕಷ್ಟದ ಪ್ರಶ್ನೆ. ಪ್ರತಿಮೆ ಮುಂದೆ ನಿಂತ ಅಪರಿಚಿತರು "ಹೂ ವಾಸ್ ಹಿ?" ಎಂದರೆ? "ಇನ್ ದ ಟ್ವೆಲ್ಫ್ತ್ ಸೆಂಚುರಿ" ಎನ್ನುವಲ್ಲೇ ನಾಲಗೆ ತೊಡರುತ್ತದೆ. "ಟ್ವೆಲ್ಫ್" ಮೊದಲು, ಒಂದು ಗಳಿಗೆ ಬಿಟ್ಟು "ತ್", ಆಮೇಲೆ ಎರಡನ್ನೂ ಹತ್ತಿರ ತರುವುದು. ಕಾಯಕವನ್ನು "ವರ್ಕ್" ಎಂದು ಅನುವಾದಿಸಿದರೆ ಅರ್ಥ ಸೋರಿಹೋಗುತ್ತದೆ. ಪದವನ್ನು ಹಾಗೇ ಇಟ್ಟುಕೊಂಡು ಬಾಲಂಗೋಚಿ ಕಟ್ಟಿದರೆ ಸರಿ: "ಕಾಯಕ, ವಿಚ್ ಮೀನ್ಸ್ ವರ್ಕ್ ಡನ್ ಆಸ್ ವರ್ಶಿಪ್." ಅನುಭವ ಮಂಟಪ, ವಚನ, ಇವಕ್ಕೂ ಇದೇ "ವಿಚ್ ಮೀನ್ಸ್" ಅಥವಾ "ಎ ಪ್ಲೇಸ್ ವೇರ್".

ಮನೆಗೆಲಸ: ಈ ಉತ್ತರವನ್ನು ಫೋನಿನಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿ, ಕೇಳಿ, ಇನ್ನೊಮ್ಮೆ ರೆಕಾರ್ಡ್ ಮಾಡಿ ಎರಡನೆಯದನ್ನಷ್ಟೇ ಕಳಿಸುವುದು. ಬರೆದುಕೊಂಡು ಓದುವಂತಿಲ್ಲ.