ಮೂರನೆಯ ಸಲ ಬಿದ್ದಲ್ಲಿ

ನಮ್ಮ ಕಡೆ ತಪಸ್ಸುಕಾಲಕ್ಕೆ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಿಗೆ, ಕಾಫಿ ಹೂವಿನ ವಾಸನೆಯಿರುತ್ತದೆ. ಕೊಯ್ಲು ಮುಗಿದು, ಕಣದಲ್ಲಿ ಒಣಗಿದ ಹಣ್ಣು ಚೀಲ ಸೇರಿ, ಫೆಬ್ರವರಿಯ ಕೊನೆಗೋ ಮಾರ್ಚಿನಲ್ಲೋ ಮೊಗ್ಗು ಅರಳಿಸುವ ಹೂಮಳೆ ಬಿದ್ದರೆ, ವಾರ ಹತ್ತು ದಿನದೊಳಗೆ ಚಿಕ್ಕಮಗಳೂರಿನಿಂದ ಮೂಡಿಗೆರೆಯವರೆಗೆ, ಅಲ್ಲಿಂದಾಚೆ ಸಕಲೇಶಪುರದ ತನಕ ತೋಟಗಳೆಲ್ಲ ಬೆಳ್ಳಗಾಗುತ್ತವೆ. ವಿಭೂತಿ ಬುಧವಾರದಂದು ಹಣೆಗೆ ಬೂದಿ ಹಚ್ಚಿಸಿಕೊಂಡು, ಮಣ್ಣಿನಿಂದ ಬಂದವರು ಮಣ್ಣಿಗೇ ಸೇರುವಿರಿ ಎಂದು ಗುರುಗಳಿಂದ ಕೇಳಿಸಿಕೊಂಡ ಜನ, ಶುಕ್ರವಾರದ ಸಂಜೆ ಶಿಲುಬೆ ಹಾದಿಗೆಂದು ಆ ಗಂಧದ ನಡುವೆಯೇ ನಡೆದು ಬರುತ್ತಾರೆ. ಉಪವಾಸದ ದಿನಗಳಿಗೆ ಇಷ್ಟೊಂದು ಸುವಾಸನೆಯೇಕೆ ಎಂದು ಚಿಕ್ಕಂದಿನಲ್ಲಿ ಅನ್ನಿಸುತ್ತಿತ್ತು. ಈಗ ಆ ಗಂಧ ಬಂದೊಡನೆ ನನಗೆ ಮೊದಲು ನೆನಪಾಗುವುದು ಹೂವಲ್ಲ, ನನ್ನ ಅಜ್ಜಿಯ ಮೊಣಕಾಲು.

ತೋಟದ ಪುಟ್ಟ ಪ್ರಾರ್ಥನಾಲಯದ ನೆಲಕ್ಕೆ ಕೆಂಪು ಗಾರೆ ಹಾಕಿತ್ತು. ಗೋಡೆಯ ಎರಡೂ ಬದಿಗೆ, ಯೇಸು ಶಿಲುಬೆ ಹೊತ್ತು ನಡೆದ ಹಾದಿಯ ಒಂದೊಂದು ಘಟ್ಟಕ್ಕೆ, ಅಂದರೆ 'ಸ್ಥಳ'ಕ್ಕೆ, ಒಂದರಂತೆ ಹದಿನಾಲ್ಕು ಪಟಗಳು. ಪ್ರತಿ ಸ್ಥಳದಲ್ಲಿಯೂ ಕ್ರಿಸ್ತರನ್ನು ಆರಾಧಿಸಿ, ಅವರ ಶಿಲುಬೆಯಿಂದ ಲೋಕಕ್ಕೆ ರಕ್ಷಣೆ ಬಂದಿತೆಂದು ಹೇಳುತ್ತ ಎಲ್ಲರೂ ಮೊಣಕಾಲೂರುವುದು ಪದ್ಧತಿ. ಅಜ್ಜಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೆಂಚಿನ ತುದಿಗೆ ಎಡಗೈ ಊರಿ, ಮೊದಲು ಬಲಗಾಲನ್ನು, ಅನಂತರ ಎಡಗಾಲನ್ನು ಮಡಿಸುವಾಗ ಲಟಕ್ಕೆಂದು ಒಂದು ಸದ್ದು ಬರುತ್ತಿತ್ತು. ಏಳುವಾಗ ಅದೇ ಸದ್ದು, ಜೊತೆಗೆ 'ಸ್ವಾಮೀ' ಎಂಬ ಒಂದು ಉಸಿರು. ಜೀವಮಾನವೆಲ್ಲ ಗಿಡದಿಂದ ಗಿಡಕ್ಕೆ ಬಗ್ಗಿ ಹಣ್ಣು ಕೊಯ್ದ ಕಾಲುಗಳು ಅವು. ಕುಳಿತೇ ಪ್ರಾರ್ಥಿಸಬಹುದೆಂದು ಗುರುಗಳು ಹೇಳಿದ್ದರೂ ಅವಳು ಕೇಳುತ್ತಿರಲಿಲ್ಲ. ಹದಿನಾಲ್ಕು ಸಲ ಕೆಳಗೆ, ಹದಿನಾಲ್ಕು ಸಲ ಮೇಲೆ. ಮಕ್ಕಳಾದ ನಮಗೆ ಭಕ್ತಿಗಿಂತ ಆ ಸದ್ದಿನ ಮೇಲೆಯೇ ಗಮನ ಹೆಚ್ಚು.

ಮೂರನೆಯ, ಏಳನೆಯ ಮತ್ತು ಒಂಬತ್ತನೆಯ ಸ್ಥಳಗಳಲ್ಲಿ ಯೇಸುಸ್ವಾಮಿ ಶಿಲುಬೆಯ ಭಾರಕ್ಕೆ ನೆಲಕ್ಕೆ ಬೀಳುತ್ತಾರೆ. ಯೇಸುವಿನ ಜೀವನವನ್ನು ಹೇಳುವ ನಾಲ್ಕು ಶುಭಸಂದೇಶಗಳಲ್ಲಿ ಈ ಬೀಳುವಿಕೆಯ ಪ್ರಸ್ತಾಪವಿಲ್ಲ. ಜನರ ಭಕ್ತಿ ತಲೆಮಾರುಗಳಿಂದ ಧ್ಯಾನಿಸಿ ಉಳಿಸಿಕೊಂಡ ಘಟ್ಟಗಳಿವು. 1731ರಲ್ಲಿ ವಿಶ್ವಗುರು (ಪೋಪ್) ಹನ್ನೆರಡನೆಯ ಕ್ಲೆಮೆಂಟರು ಸ್ಥಳಗಳ ಸಂಖ್ಯೆ ಹದಿನಾಲ್ಕೆಂದು ಗೊತ್ತುಮಾಡಿದಾಗಲೂ ಮೂರು ಬೀಳುವಿಕೆಗಳು ಹಾಗೆಯೇ ಉಳಿದವು. ಅಷ್ಟು ಚಿಕ್ಕ ಹಾದಿಯಲ್ಲಿ ಒಂದೇ ವಿಷಯಕ್ಕೆ ಮೂರು ಪಟಗಳೇಕೆ, ಒಂದು ಸಾಲದೇ ಎಂದು ಒಮ್ಮೆ ಮನೆಗೆ ಮರಳುವಾಗ ನಾನು ಅಜ್ಜಿಯನ್ನು ಕೇಳಿದೆ. ಅವಳು ನನ್ನ ಪ್ರಶ್ನೆಗೆ ಉತ್ತರವನ್ನೇ ಕೊಡಲಿಲ್ಲ, ಬೇರೊಂದನ್ನು ಹೇಳಿದಳು. "ಬಿದ್ದಿದ್ದನ್ನ ಮೂರು ಕಡೆ ಬರೆದವ್ರೆ ಮಗ, ಎದ್ದಿದ್ದನ್ನ ಎಲ್ಲೂ ಬರೆದಿಲ್ಲ. ಏಳದೆ ಮುಂದಿನ ಪಟಕ್ಕೆ ಹೆಂಗೆ ಬಂದ್ರು?"

ಓದು ಬರಹ ಬಾರದ ಆ ಮುದುಕಿ ಹೇಳಿದ್ದು ನಿಜ. ನಮ್ಮ ಯಾವ ದೇವಾಲಯದ ಗೋಡೆಯಲ್ಲಿಯೂ 'ಯೇಸು ಮೇಲೆದ್ದರು' ಎಂಬ ಪಟವಿಲ್ಲ. ಎಂಟನೆಯ ಸ್ಥಳದಲ್ಲಿ ಅವರು ಜೆರುಸಲೇಮಿನ ಹೆಂಗಸರಿಗೆ ಸಾಂತ್ವನ ಹೇಳುತ್ತಿದ್ದಾರೆ ಎಂದರೆ ಏಳನೆಯದರಲ್ಲಿ ಬಿದ್ದವರು ಎದ್ದಿರಲೇಬೇಕು. ಆ ಏಳುವಿಕೆಗೆ ಪ್ರಾರ್ಥನೆಯೂ ಇಲ್ಲ, ಹಾಡೂ ಇಲ್ಲ. ಅದು ಎರಡು ಪಟಗಳ ನಡುವಣ ಬರಿಯ ಗೋಡೆಯಲ್ಲಿ ನಡೆದುಹೋಗುತ್ತದೆ.

ಸ್ವಾಮಿ ಬಿದ್ದದ್ದು ಭಾರದಿಂದ, ನಾವು ಬೀಳುವುದು ಪಾಪದಿಂದ. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಬಾರದೆಂದು ನನಗೂ ಗೊತ್ತು. ಆದರೂ ನಮ್ಮ ಪಕ್ಕದಲ್ಲಿ ಮಣ್ಣಿನ ಮಟ್ಟಕ್ಕೆ ಬಂದು ಮುಖವಿಟ್ಟ ದೇವರನ್ನು ಪ್ರೀತಿಸುವುದೆಂದರೆ ಏನೆಂದು ತಿಳಿಯಲು ಆ ಮೂರು ಪಟಗಳು ನನಗೆ ಅನೇಕ ಪ್ರಬೋಧನೆಗಳಿಗಿಂತ ಹೆಚ್ಚು ನೆರವಾಗಿವೆ. ದೇವರನ್ನು ನಿಷ್ಠೆಯಿಂದ ಪ್ರೀತಿಸುವವನು ಬೀಳುವುದೇ ಇಲ್ಲ ಎಂದು ನಾವು ಎಲ್ಲಿಂದಲೋ ಕಲಿತುಬಿಟ್ಟಿದ್ದೇವೆ. ಹಾಗೆ ನಂಬಿದವನು ಬಿದ್ದ ದಿನವೇ ತನ್ನ ಪ್ರೀತಿ ಸುಳ್ಳಾಗಿತ್ತೆಂದು ತೀರ್ಮಾನಿಸಿ ಕೈಚೆಲ್ಲುತ್ತಾನೆ.

ಯೇಸುವಿನ ಶಿಷ್ಯರಲ್ಲಿ ಮುಖ್ಯನಾದ ಪೇತ್ರನ ಕಥೆಯನ್ನು ಗಮನಿಸಿ. ಎಲ್ಲರೂ ನಿಮ್ಮನ್ನು ಬಿಟ್ಟುಹೋದರೂ ನಾನು ಬಿಡೆನು ಎಂದು ಕಡೆಯ ಭೋಜನದ ರಾತ್ರಿ ಆತ ಎದೆ ತಟ್ಟಿ ಹೇಳಿದ. ಹುಂಜ ಕೂಗುವ ಮೊದಲು ಮೂರು ಸಲ ನನ್ನನ್ನು ಅರಿಯೆನೆನ್ನುವೆ ಎಂದು ಸ್ವಾಮಿ ಹೇಳಿದ್ದು ನಮಗೆಲ್ಲ ಬಾಯಿಪಾಠ. ಆದರೆ ಸಂತ ಲೂಕ ಮಾತ್ರ ಬರೆದಿಟ್ಟ ಇನ್ನೊಂದು ಮಾತನ್ನು ನಾವು ಬೇಗನೆ ಓದಿ ಮುಂದೆ ಹೋಗುತ್ತೇವೆ: ನಿನ್ನ ವಿಶ್ವಾಸ ಕುಂದಿಹೋಗದಂತೆ ನಾನು ನಿನಗಾಗಿ ಪ್ರಾರ್ಥಿಸಿದ್ದೇನೆ, ನೀನು ಪರಿವರ್ತನೆ ಹೊಂದಿ ಮರಳಿದ ಮೇಲೆ ನಿನ್ನ ಸಹೋದರರನ್ನು ದೃಢಪಡಿಸು. ಇವನು ಬೀಳದಿರಲಿ ಎಂದು ಯೇಸು ಬೇಡಲಿಲ್ಲ. ಬೀಳುವುದು ಅವರಿಗೆ ಗೊತ್ತಿತ್ತು. ಬಿದ್ದ ಮೇಲೆ ಇವನಲ್ಲಿ ಏನು ಉಳಿಯಬೇಕೋ ಅದಕ್ಕಾಗಿ ಬೇಡಿದರು; ಬೀಳುವ ಮೊದಲೇ, ಎದ್ದ ಮೇಲೆ ಮಾಡಬೇಕಾದ ಕೆಲಸವನ್ನೂ ಒಪ್ಪಿಸಿದರು. ಅರ್ಧ ರಾತ್ರಿ ಕಳೆಯುವುದರೊಳಗೆ ಆ ಬಂಡೆಯಂಥ ಮನುಷ್ಯ ಒಬ್ಬ ಸೇವಕಿಯ ಮಾತಿಗೆ ಹೆದರಿಬಿಟ್ಟ. ಕತ್ತಿಗಲ್ಲ, ಸೈನಿಕರಿಗಲ್ಲ, ಬಾಗಿಲು ಕಾಯುವ ಹುಡುಗಿಗೆ. ನಾವು ಸೋಲುವುದೂ ಬಹುತೇಕ ಇಂಥ ಸಣ್ಣ ಕಡೆಗಳಲ್ಲಿಯೇ ಅಲ್ಲವೇ?

ಆ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಚಳಿಗೆಂದು ಇದ್ದಲಿನ ಬೆಂಕಿ ಹಾಕಿದ್ದರೆಂದು ಸಂತ ಯೊವಾನ್ನ ಬರೆಯುತ್ತಾನೆ. ಪೇತ್ರ ಅಲ್ಲಿ ನಿಂತು ಮೈ ಕಾಯಿಸಿಕೊಳ್ಳುತ್ತಲೇ ತನ್ನ ಗುರುವನ್ನು ಅರಿಯೆನೆಂದ. ಪುನರುತ್ಥಾನದ ಬಳಿಕ ತಿಬೇರಿಯ ಸರೋವರದ ದಡದಲ್ಲಿ ಶಿಷ್ಯರು ದೋಣಿಯಿಂದಿಳಿದಾಗ ಅಲ್ಲಿಯೂ ಇದ್ದಲಿನ ಬೆಂಕಿಯಿತ್ತು, ಅದರ ಮೇಲೆ ಮೀನಿತ್ತು, ಜೊತೆಗೆ ರೊಟ್ಟಿಯಿತ್ತು. ಈ ಸಲ ಬೆಂಕಿ ಹಾಕಿದವರು ಸ್ವಾಮಿಯೇ. ಪೇತ್ರನಿಗೆ ಆ ಹೊಗೆಯ ವಾಸನೆ ಏನನ್ನು ನೆನಪಿಸಿರಬೇಕು! ಆದರೆ ಯೇಸು ಮೊದಲು ಊಟಕ್ಕೆ ಕರೆದರು. ಹಸಿದವನ ಮುಂದೆ ಲೆಕ್ಕಪತ್ರ ಬಿಚ್ಚಲಿಲ್ಲ. ಊಟವಾದ ಮೇಲೆ ಕೇಳಿದ್ದೂ ಒಂದೇ ಪ್ರಶ್ನೆ: ನನ್ನನ್ನು ಪ್ರೀತಿಸುತ್ತೀಯಾ? ಏಕೆ ಹಾಗೆ ಮಾಡಿದೆ, ಇನ್ನು ಮುಂದೆ ಹಾಗೆ ಮಾಡುವುದಿಲ್ಲವೆಂದು ಬರೆದುಕೊಡುತ್ತೀಯಾ ಎಂದು ಕೇಳಲಿಲ್ಲ. ಇವರಿಗಿಂತ ಹೆಚ್ಚಾಗಿ ಪ್ರೀತಿಸುತ್ತೀಯಾ ಎಂದು ಮೊದಲ ಸಲ ಕೇಳಿದಾಗ, ಹಿಂದೆ ಎಲ್ಲರಿಗಿಂತ ತಾನೇ ಮೇಲೆಂದಿದ್ದ ಪೇತ್ರ ಈಗ ಯಾರೊಡನೆಯೂ ತನ್ನನ್ನು ಹೋಲಿಸಿಕೊಳ್ಳಲಿಲ್ಲ. ಮೂರನೆಯ ಸಲ ಕೇಳಿದಾಗ ಅವನ ಮನಸ್ಸು ನೊಂದಿತು. ಸ್ವಾಮಿ, ನಿಮಗೆ ಎಲ್ಲವೂ ತಿಳಿದಿದೆ, ನನ್ನ ಪ್ರೀತಿಯೂ ತಿಳಿದಿದೆ ಎಂದಷ್ಟೇ ಅವನಿಂದ ಹೇಳಲಾಯಿತು. ಆ 'ಎಲ್ಲವೂ' ಎಂಬುದರಲ್ಲಿ ಅಂಗಳದ ರಾತ್ರಿಯೂ ಸೇರಿತ್ತು.

ಯೇಸುವನ್ನು ಹಣಕ್ಕೆ ಹಿಡಿದುಕೊಟ್ಟ ಶಿಷ್ಯ ಯೂದನೂ ಅದೇ ರಾತ್ರಿ ಸೋತವನು. ಅವನೂ ಪಶ್ಚಾತ್ತಾಪಪಟ್ಟ, ಮೂವತ್ತು ಬೆಳ್ಳಿ ನಾಣ್ಯಗಳನ್ನು ಹಿಂದಕ್ಕೂ ಕೊಟ್ಟ ಎಂದು ಸಂತ ಮತ್ತಾಯ ಹೇಳುತ್ತಾನೆ. ಅವನ ಪಶ್ಚಾತ್ತಾಪ ಅವನನ್ನು ಯಾಜಕರ ಬಳಿಗೆ ಕರೆದೊಯ್ದಿತು, ಅಲ್ಲಿಂದ ಒಂಟಿತನಕ್ಕೆ ಕರೆದೊಯ್ದಿತು. ಯೇಸುವಿನ ಬಳಿಗೆ ಕರೆತರಲಿಲ್ಲ. ಪೇತ್ರ ಅತ್ತನಾದರೂ ಉಳಿದ ಶಿಷ್ಯರ ನಡುವೆಯೇ ಇದ್ದ. ಮೀನು ಹಿಡಿಯಲು ಹೋದಾಗಲೂ ಅವರೊಡನೆಯೇ ಹೋದ.

ನಮ್ಮ ತೋಟಗಳ ಕೂಲಿಕಾರರ ಲೈನುಮನೆಗಳಲ್ಲಿ ಈ ಮಾತು ಪುಸ್ತಕದ ಮಾತಾಗಿರಲಿಲ್ಲ. ಶನಿವಾರ ಬಟವಾಡೆಯಾಗಿ ರಾತ್ರಿ ಕುಡಿದವರು ಭಾನುವಾರದ ಬಲಿಪೂಜೆಗೆ ಬರುತ್ತಿರಲಿಲ್ಲ. ಇಂಥ ಬಾಯಲ್ಲಿ ಜಪ ಹೇಗೆ ಮಾಡಲಿ ಎಂಬುದು ಅವರ ಸಂಕೋಚ. ಹಾಗೆ ಮುಖ ಮರೆಸಿಕೊಂಡ ನೆರೆಮನೆಯವನೊಬ್ಬನಿಗೆ ಅಜ್ಜಿ ಹಿತ್ತಲಿನ ಬೇಲಿಯ ಆಚೆಯಿಂದ ಕೂಗಿ ಹೇಳಿದ್ದನ್ನು ನಾನು ಕೇಳಿದ್ದೇನೆ: "ಲೋ ತಮ್ಮ, ನೆಟ್ಟಗಿರೋರೇ ಬರಬೇಕು ಅಂದ್ರೆ ಸಾಮಿಯೋರು ಒಬ್ಬರೇ ಪೂಜೆ ಮಾಡ್ಬೇಕಾಯ್ತದೆ. ಅವರೂ ಬರಾಕಾಗಲ್ಲ." ಬಲಿಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸುವ ಮುನ್ನ ಧರ್ಮಾಧ್ಯಕ್ಷರಿಂದ ಹಿಡಿದು ಕಡೆಯ ಬೆಂಚಿನ ಮುದುಕನವರೆಗೆ ಎಲ್ಲರೂ ಹೇಳುವುದು, ನೀವು ಬರಲು ನಾನು ಯೋಗ್ಯನಲ್ಲ ಎಂದೇ. ಆ ಮಾತಿನಿಂದ ವಿನಾಯಿತಿ ಪಡೆದವರು ಯಾರೂ ಇಲ್ಲ.

ಅಜ್ಜಿಯ ತವರು ಹಾಸನದ ಶೆಟ್ಟಿಹಳ್ಳಿಯ ಕಡೆ. 19ನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಅಲ್ಲಿನ ರೋಸರಿ ಮಾತೆಯ ದೇವಾಲಯ ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿಗೆ ಸೇರಿದ ಮೇಲೆ ಊರವರು ಬೇರೆಡೆಗೆ ಹೋದರು. ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಕಾಣುವ ಆ ಗೋಡೆಗಳ ಮುಂದೆ ಈಗ ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುವವರ ಗದ್ದಲ. ಒಂದು ನಮೋ ಮರಿಯಾ ಹೇಳಿ ಹೋದರೆ ಯಾರಿಗೇನು ನಷ್ಟ ಎಂದು ನನಗೆ ಅನ್ನಿಸುವುದುಂಟು. ಅಜ್ಜಿ ಅದನ್ನು ನೋಡಲು ಹೋಗಲೇ ಇಲ್ಲ. ಜಪಸರ ತನ್ನ ಕೈಯಲ್ಲಿಯೇ ಇದೆಯೆಂದು ಹೇಳಿ ಮಾತು ಮುಗಿಸುತ್ತಿದ್ದಳು.

17ನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಮಠವೊಂದರ ಅಡುಗೆಮನೆಯಲ್ಲಿ ದುಡಿದ ಸಹೋದರ ಲಾರೆನ್ಸರ ವಿಷಯ ಓದಿದಾಗ ನನಗೆ ಅಜ್ಜಿಯ ಬಳಗದವರೊಬ್ಬರು ಸಿಕ್ಕಂತಾಯಿತು. ಸೈನಿಕರಾಗಿದ್ದಾಗ ಗಾಯಗೊಂಡು ಕಾಲು ಕುಂಟಾಗಿದ್ದ ಅವರಿಗೆ ಅಡುಗೆಮನೆಯ ಕೆಲಸ ಸ್ವಭಾವತಃ ಹಿಡಿಸುತ್ತಿರಲಿಲ್ಲ. ಆದರೂ ದೇವರ ಮೇಲಿನ ಪ್ರೀತಿಗಾಗಿ ವರ್ಷಗಟ್ಟಲೆ ಅದನ್ನೇ ಮಾಡಿದರು. ತಪ್ಪಿದಾಗ ಅವರು ಮರೆಮಾಚದೆ ದೇವರಿಗೆ ಹೇಳುತ್ತಿದ್ದುದರ ಸಾರ ಹೀಗೆ: ನನ್ನನ್ನು ನನ್ನ ಪಾಡಿಗೆ ಬಿಟ್ಟರೆ ನಾನು ಮಾಡುವುದೇ ಇಷ್ಟು, ಬೀಳದಂತೆ ತಡೆಯಬೇಕಾದವರು ನೀವು. ಅಷ್ಟು ಹೇಳಿ ಆ ತಪ್ಪನ್ನು ಮತ್ತೆ ಮತ್ತೆ ಕೆದಕದೆ ಕೆಲಸಕ್ಕೆ ಮರಳುತ್ತಿದ್ದರು. ನಮ್ಮಲ್ಲಿ ಅನೇಕರು ಗುರುಗಳ ಮುಂದೆ ಪಾಪನಿವೇದನೆ ಮಾಡಿ ಬಂದ ಮೇಲೂ ವಾರಗಟ್ಟಲೆ ತಮ್ಮನ್ನೇ ಶಪಿಸಿಕೊಳ್ಳುತ್ತಾರೆ. ಅದು ಮೇಲುನೋಟಕ್ಕೆ ದೈನ್ಯದಂತೆ ಕಂಡರೂ ಒಳಗೆ ಇರುವುದು, ನನ್ನಂಥವನು ಹೀಗೆ ಬೀಳಬಹುದೇ ಎಂಬ ಗರ್ವವೇ ಎಂದು ನನ್ನ ಅನಿಸಿಕೆ. ವಿಶ್ವಗುರು ಫ್ರಾನ್ಸಿಸರು 2013ರ ಮಾರ್ಚಿನಲ್ಲಿ ಆಯ್ಕೆಯಾದ ಕೆಲವೇ ದಿನಗಳಲ್ಲಿ ಜನರಿಗೆ ಹೇಳಿದ್ದೂ ಇದನ್ನೇ: ಕ್ಷಮಿಸುವುದರಲ್ಲಿ ದೇವರು ದಣಿಯುವುದಿಲ್ಲ, ಕ್ಷಮೆ ಕೇಳುವುದರಲ್ಲಿ ದಣಿಯುವವರು ನಾವು.

ಹಾಗೆಂದು ದೌರ್ಬಲ್ಯವನ್ನು ಹಾಸಿಗೆ ಮಾಡಿಕೊಂಡು ಮಲಗುವಂತಿಲ್ಲ. ಕೃಪೆ ಹೆಚ್ಚಲೆಂದು ಪಾಪದಲ್ಲೇ ಉಳಿಯೋಣವೇ ಎಂದು ಕೇಳಿ, ಎಂದಿಗೂ ಕೂಡದು ಎಂದವನು ಸಂತ ಪೌಲ. ಸುಂಕ ವಸೂಲಿಯ ಜಕ್ಕಾಯನು ಯೇಸುವಿನ ಮುಂದೆ, ಅನ್ಯಾಯವಾಗಿ ಕಿತ್ತುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುವೆನೆಂದ. ಕುಡಿತದಿಂದ ಮನೆಯವರ ಕಣ್ಣೀರಿಗೆ ಕಾರಣನಾದವನು ದೇವರಲ್ಲಿ ಕ್ಷಮೆ ಕೇಳಿದರೆ ಸಾಲದು, ಹೆಂಡತಿಯ ಮುಂದೆಯೂ ತಲೆ ತಗ್ಗಿಸಬೇಕು, ಅಂಗಡಿಯ ಹಾದಿಯನ್ನೂ ಬದಲಿಸಬೇಕು. ಪಾಪಕ್ಕೆ ಎಡೆಯಾಗುವ ಸಂದರ್ಭಗಳಿಂದ ದೂರವಿರುವೆನೆಂದು ನಾವು ಪಶ್ಚಾತ್ತಾಪದ ಜಪದಲ್ಲಿ ಹೇಳುವುದು ಇದಕ್ಕಾಗಿಯೇ.

ಇಷ್ಟಾಗಿಯೂ ನನಗೆ ಹೆಚ್ಚಿನ ಬೇಸರ ಬೇರೊಂದು ಗುಂಪಿನ ಮೇಲಿದೆ. ಶಿಲುಬೆ ಹಾದಿಯ ಶುಕ್ರವಾರಗಳಲ್ಲಿ ಈಚೆಗೆ ಬೆಂಚುಗಳು ಖಾಲಿ ಕಾಣುತ್ತವೆ. ಪಾಪನಿವೇದನೆಗೆ ಸಾಲು ನಿಲ್ಲುವುದು ಪವಿತ್ರ ವಾರದಲ್ಲಿ ಮಾತ್ರ. ಕೇಳಿದರೆ, ಮನಸ್ಸಿನಲ್ಲಿ ಭಕ್ತಿಯಿದ್ದರೆ ಸಾಲದೇ ಎನ್ನುತ್ತಾರೆ. ಧ್ಯಾನಕೂಟಕ್ಕೆ ಹೋಗಿ ಕಣ್ಣೀರು ಸುರಿಸಿ ಬಂದವರಲ್ಲಿಯೂ ಈ ಮಾತು ಕೇಳಿದ್ದೇನೆ. ಹೂಮಳೆಗೆ ತೋಟವೆಲ್ಲ ಅರಳಿದರೂ ಎರಡು ಮೂರು ವಾರದಲ್ಲಿ ಅದರ ಬೆನ್ನಿಗೆ ಬೇಕಾದ ಎರಡನೆಯ ಮಳೆ, 'ಬ್ಯಾಕಿಂಗ್ ಮಳೆ', ಬೀಳದಿದ್ದರೆ ಕಾಯಿ ಕಚ್ಚುವುದಿಲ್ಲವೆಂದು ಬೆಳೆಗಾರರಿಗೆ ಹೇಳಿಕೊಡಬೇಕಾಗಿಲ್ಲ. ತಮ್ಮ ಆತ್ಮದ ವಿಷಯದಲ್ಲಿ ಮಾತ್ರ ಅವರು ಹೂವನ್ನೇ ಫಸಲೆಂದು ಬರೆದುಕೊಳ್ಳುತ್ತಾರೆ. ಮನಸ್ಸು ಬಾರದ ಸಂಜೆಯೂ ಬಂದು ಕೂರುವುದು, ಬಾಯಿ ಒಣಗಿದ್ದರೂ ಪರಲೋಕ ಮಂತ್ರ ಹೇಳುವುದು, ಕಳೆದ ಸಲದ ಪಾಪವನ್ನೇ ಈ ಸಲವೂ ನಾಚಿಕೆಯಿಂದ ಒಪ್ಪಿಸುವುದು, ಇವು ಭಾವನೆಯಿಲ್ಲದ ಆಚಾರಗಳಲ್ಲ. ಭಾವನೆ ಕೈಕೊಟ್ಟ ಹೊತ್ತಿನಲ್ಲಿ ಪ್ರೀತಿಗೆ ಉಳಿಯುವ ಕಾಲುಗಳು ಇವೇ. ಆತ್ಮಕ್ಕೆ ಮನಸ್ಸಿದ್ದರೂ ದೇಹಕ್ಕೆ ಬಲ ಸಾಲದೆಂದು ಸೆರೆಯಾಗುವ ಮುನ್ನ ಗೆತ್ಸೆಮನೆ ತೋಪಿನಲ್ಲಿ ಶಿಷ್ಯರಿಗೆ ಹೇಳಿದ ಸ್ವಾಮಿ, ಅದೇ ಉಸಿರಿನಲ್ಲಿ ಎಚ್ಚರವಾಗಿದ್ದು ಪ್ರಾರ್ಥಿಸಿರಿ ಎಂದೂ ಹೇಳಿದರಲ್ಲ!

ಇನ್ನು ಪೇತ್ರನ ವಿಷಯ. ಸರೋವರದ ದಡದಲ್ಲಿ ಕ್ಷಮೆ ಸಿಕ್ಕಿದ ಮೇಲೆ ಅವನೇನೂ ಒಮ್ಮೆಲೇ ಬೇರೆ ಮನುಷ್ಯನಾಗಲಿಲ್ಲ. ನನ್ನನ್ನು ಹಿಂಬಾಲಿಸು ಎಂದು ಸ್ವಾಮಿ ಹೇಳಿ ಮುಗಿಸುವಷ್ಟರಲ್ಲಿ ಹಿಂದಿರುಗಿ ನೋಡಿ, ಇವನ ಗತಿಯೇನು ಎಂದು ಇನ್ನೊಬ್ಬ ಶಿಷ್ಯನ ಬಗ್ಗೆ ಕೇಳಿದ. ಅದು ನಿನಗೇಕೆ ಎಂದು ಹೇಳಿಸಿಕೊಂಡ. ಪವಿತ್ರಾತ್ಮರನ್ನು ಪಡೆದು, ಸಾವಿರಾರು ಜನರಿಗೆ ಶುಭಸಂದೇಶ ಸಾರಿ, ಸೆರೆಮನೆಯನ್ನೂ ಕಂಡು ಬಂದ ಮೇಲೆ ಅಂತಿಯೋಕ್ಯದಲ್ಲಿ ಮತ್ತೆ ಅದೇ ಹಳೆಯ ಹೆದರಿಕೆ: ಅನ್ಯಧರ್ಮದಿಂದ ಬಂದ ಕ್ರೈಸ್ತರೊಡನೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದವನು ಯೆಹೂದ್ಯ ಕಟ್ಟಳೆ ಬಿಡದ ಯಕೋಬನ ಕಡೆಯವರು ಬಂದ ಕೂಡಲೇ ಜನರ ಮಾತಿಗಂಜಿ ಪಂಕ್ತಿ ಬಿಟ್ಟು ಸರಿದ. ಪೌಲ ಎಲ್ಲರೆದುರಿಗೆ ಅವನನ್ನು ಖಂಡಿಸಿದ, ಅದನ್ನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಕಾಣಿಸಿಯೂ ಬಿಟ್ಟ. ಸಭೆ ಆ ಪತ್ರವನ್ನು ಮುಚ್ಚಿಡಲಿಲ್ಲ. ಇಂದಿಗೂ ನಮ್ಮ ಬಲಿಪೂಜೆಗಳಲ್ಲಿ ಓದಲಾಗುತ್ತದೆ. ಪೇತ್ರನ ಹೆಸರಿನಲ್ಲಿರುವ ಎರಡನೆಯ ಪತ್ರದ ಕಡೆಯ ಅಧ್ಯಾಯವನ್ನು ತೆರೆದರೆ, ಅಲ್ಲಿ ಪೌಲನನ್ನು ಕರೆದಿರುವುದು 'ನಮ್ಮ ಪ್ರಿಯ ಸಹೋದರ' ಎಂದು.