ಆ 4–3 ಯಾವ ಬೆರಳು, ಸರ್?

ಮುಂಬೈನ ಮುಲುಂಡ್‌ನಲ್ಲಿ ನನ್ನ ಹತ್ತಿರ ಪಿಯಾನೋ ಥಿಯರಿಗೆ ಬರುವ ಕನ್ನಡದ ಮಕ್ಕಳೂ ಅವರನ್ನು ಬಿಡಲು ಬರುವ ಅಪ್ಪ ಅಮ್ಮಂದಿರೂ ಕೇಳುವುದು ಇದನ್ನೇ: "ಬಾಸ್ ಸಾಲಿನ ಅಡಿಯಲ್ಲಿ 6, 7, 4–3 ಅಂತೆಲ್ಲ ಬರೆದಿದೆಯಲ್ಲ, ಯಾವ ಬೆರಳು ಸರ್?"

ಬೆರಳಲ್ಲ. ಐದು ಬೆರಳಿನ ಕೈಗೆ 6, 7 ಎಲ್ಲಿಂದ ಬರಬೇಕು! ಇದು ಫಿಗರ್ಡ್ ಬಾಸ್. 1600ರ ಹೊತ್ತಿಗೆ ಇಟಲಿಯಲ್ಲಿ ಚಾಲ್ತಿಗೆ ಬಂದದ್ದು. ಆರ್ಗನ್, ಹಾರ್ಪ್ಸಿಕಾರ್ಡ್ ನುಡಿಸುವವರಿಗೆ ಬಾಸ್ ಸ್ವರವನ್ನಷ್ಟೇ, ಅಂದರೆ ಎಲ್ಲಕ್ಕಿಂತ ಕೆಳಗಿನದನ್ನಷ್ಟೇ, ಬರೆದುಕೊಟ್ಟು, ಅದರಿಂದ ಎಷ್ಟನೆಯ ಸ್ವರಗಳನ್ನು ಮೇಲೆ ಹಿಡಿಯಬೇಕೆಂದು ಅಂಕಿಯಲ್ಲಿ ತಿಳಿಸುತ್ತಿದ್ದರು. ಅಂಕಿಯೇ ಇಲ್ಲದಿದ್ದರೆ 3 ಮತ್ತು 5 ಎಂದು ಲೆಕ್ಕ.

ಮಾಟುಂಗಾದಲ್ಲಿ ಕರ್ನಾಟಕ ಸಂಗೀತ ಕಲಿಯುತ್ತಿರುವ ಮಕ್ಕಳು ಇಲ್ಲೇ ಎಡವುತ್ತಾರೆ. ಅವರಿಗೆ ಷಡ್ಜ ಅಲುಗದು, ಎಲ್ಲ ಎಣಿಕೆಯೂ ತಂಬೂರಿಯ 'ಸ'ದಿಂದಲೇ. ಫಿಗರ್ಡ್ ಬಾಸ್‌ನಲ್ಲಿ ಆ ಕ್ಷಣ ಕೆಳಗೆ ಯಾವ ಸ್ವರವಿದೆಯೋ ಅದೇ ಒಂದು.

ಅದಕ್ಕೇ ಹಾಡಿಸಿ ತೋರಿಸುತ್ತೇನೆ. ಶಂಕರಾಭರಣದ ಸ್ವರಗಳು. ಒಬ್ಬಳು ತಾರಸ್ಥಾಯಿಯ 'ಸ' ಹಿಡಿದು ನಿಲ್ಲಲಿ, ನಾನು ಕೆಳಗೆ 'ಮ' ನುಡಿಸುತ್ತೇನೆ. ಮ, ಪ, ದ, ನಿ, ಸ: ಅವಳದು ಐದನೆಯ ಸ್ವರ, ಹಿತವಾಗಿದೆ. ಈಗ ತಾಳದ ಬಲವಾದ ಪೆಟ್ಟಿಗೆ ನಾನು 'ಪ'ಕ್ಕೆ ಹೋದೆ, ಅವಳು ಹೋಗಲಿಲ್ಲ. ಪ, ದ, ನಿ, ಸ: ಅದೇ ಸ್ವರ ಈಗ ನಾಲ್ಕನೆಯದು, ಕಿವಿಗೆ ಕಚ್ಚುತ್ತದೆ. ಮುಂದಿನ ಪೆಟ್ಟಿಗೆ ಅವಳು 'ನಿ'ಗೆ ಇಳಿದರೆ ಮೂರು, ನಿರಾಳ. 4–3 ಸಸ್ಪೆನ್ಷನ್ ಅಂದರೆ ಇಷ್ಟೇ. ಅವಳು ತಪ್ಪು ಸ್ವರಕ್ಕೆ ಹಾರಲಿಲ್ಲ, ಸರಿಯಾದ ಸ್ವರದಲ್ಲೇ ನಿಂತಿದ್ದಳು, ಕೆಳಗಿನದು ಬದಲಾಯಿತು. ಆ 'ಸ' ಕಚ್ಚುತ್ತಿರುವಾಗ ಇನ್ಯಾರೂ 'ನಿ' ಹಾಡಬಾರದು, ಹಾಡಿದರೆ ಇಳಿಯುವ ಸುಖವೇ ಹೋಯಿತು.

7–6, 9–8 ಕೂಡ ಇದೇ ಜಾಡಿನವು.

ಒಂದು ಎಚ್ಚರ: 4–3 ಅಕ್ಕಪಕ್ಕ ಇದ್ದರೆ ಸಸ್ಪೆನ್ಷನ್. 4ರ ಕೆಳಗೆ 3 ಇದ್ದರೆ ಎರಡನ್ನೂ ಒಟ್ಟಿಗೇ ಹಿಡಿಯಬೇಕು, ಅದು ಸೆವೆಂತ್ ಕಾರ್ಡ್‌ನ (ಮೂಲ ಸ್ವರದ ಮೇಲೆ 3, 5, 7 ಇರುವ ಸ್ವರಗುಚ್ಛದ) ಎರಡನೆಯ ಇನ್ವರ್ಷನ್, ಅಂದರೆ ಅದರ ಐದನೆಯ ಸ್ವರ ಕೆಳಗೆ ಬಂದ ರೂಪ. ಪರೀಕ್ಷೆಯಲ್ಲಿ ಅಂಕ ಹೋಗುವುದೇ ಇಲ್ಲಿ.

ಗಿಟಾರ್ ಹುಡುಗರು "ಅದು ಸಸ್‌ಫೋರ್ ತಾನೆ ಸರ್?" ಅನ್ನುತ್ತಾರೆ. ಮೂರನೆಯದರ ಬದಲು ನಾಲ್ಕನೆಯ ಸ್ವರ ಹಿಡಿಯುವ ಕಾರ್ಡ್ ಅದು. ಸ್ವರಗಳು ಅವೇ, ಒಪ್ಪಿದೆ. ಆದರೆ ಸಸ್‌ಫೋರ್ ಹಿಂದುಮುಂದಿಲ್ಲದೆ ಬಂದು ಹಾಗೇ ಹೊರಟುಹೋಗಬಹುದು. ಸಸ್ಪೆನ್ಷನ್‌ಗೆ ಹಿಂದಿನ ಕಾರ್ಡ್‌ನಲ್ಲಿ ತಯಾರಿ ಬೇಕು, ಆಮೇಲೆ ಒಂದು ಮೆಟ್ಟಿಲು ಇಳಿಯಲೇಬೇಕು. ನನಗೇನೋ ಆ ಇಳಿತವಿಲ್ಲದ ಸಸ್‌ಫೋರ್ ಸಪ್ಪೆ.

"ಯಾವಾಗಲೂ ಇಳಿಯುವುದಾದರೆ 2–3ರಲ್ಲಿ ಅಂಕಿ ಏಕೆ ಏರುತ್ತದೆ?" ಇದು ಜಾಣರ ಪ್ರಶ್ನೆ. ಅಲ್ಲಿ ತಡೆದು ನಿಂತಿರುವುದು ಬಾಸ್. ಕೆಳಗೆ 'ಸ', ಮೇಲೆ 'ರಿ': ಎರಡು. ಬಾಸ್ 'ನಿ'ಗೆ ಇಳಿದರೆ ನಿ, ಸ, ರಿ: ಮೂರು. ಇಳಿದದ್ದು ಸ್ವರವೇ, ದೂರ ಹೆಚ್ಚಿತು ಅಷ್ಟೇ.